ಮ್ಯಾಗಜೀನಿನ ಕಚ್ಚು, ಪಿಸ್ತೂಲಿನ ಕೊಂಡಿ, ನಡುವೆ ನಾನು

ಬೆಳ್ಳುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆಯ ಸೊಸೆ ಹೋಗಿ ಪಿಸ್ತೂಲಿನ ಅಂಗಡಿಯಲ್ಲಿ ಕೆಲಸಕ್ಕೆ ನಿಂತರೆ, ಎಡವಟ್ಟುಗಳು ಅಡ್ರೆಸ್ ಕೇಳಿಕೊಂಡು ಬರಬೇಕಾಗಿಲ್ಲ. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲೇ ಬಂದು ಬಾಗಿಲಲ್ಲಿ ಕೂತಿರುತ್ತವೆ.

ಎಂಬತ್ತರ ದಶಕದ ನಡುವಿನ ಮಾತು. ನನ್ನ ಗಂಡ ಅಮೆರಿಕದ ಪಾಲೋ ಆಲ್ಟೋದ ಒಂದು ಕಂಪನಿಯಲ್ಲಿ ಇಂಜಿನಿಯರು. ನಾನು ಉಡುಪಿಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದು, ಮಗುವನ್ನು ಶಾಲೆಗೆ ಕಳಿಸಿದ ಮೇಲೆ ಅಪಾರ್ಟ್‌ಮೆಂಟಿನ ಕಿಟಕಿಯಿಂದ ಪಾರ್ಕಿಂಗ್ ಲಾಟು ನೋಡುವ ಉದ್ಯೋಗದಲ್ಲಿದ್ದೆ. ಡ್ರೈವಿಂಗ್ ಲೈಸೆನ್ಸು ಸಿಕ್ಕಿದ ವಾರ, ಫ್ರೀವೇ ಪಕ್ಕದ ಒಂದು ಅಂಗಡಿಯಲ್ಲಿ 'ಜನ ಬೇಕಾಗಿದ್ದಾರೆ' ಎಂಬ ಬೋರ್ಡು ನೋಡಿ ಕಾರು ನಿಲ್ಲಿಸಿದೆ. ಅಲ್ಲಿ ಏನು ಮಾರುತ್ತಾರೆಂದು ನೋಡಿದ್ದು ಒಳಗೆ ಹೋದ ಮೇಲೆ.

ಮ್ಯಾಗಜೀನು ಎಂದರೆ ಪಿಸ್ತೂಲಿನ ಹಿಡಿಯೊಳಗೆ ಕೆಳಗಿನಿಂದ ತೂರಿಸುವ, ಗುಂಡು ತುಂಬುವ ತಗಡಿನ ಪೆಟ್ಟಿಗೆ. ಅದನ್ನು ಬೀಳದಂತೆ ಹಿಡಿಯಲು ಪಿಸ್ತೂಲಿನಲ್ಲೊಂದು ಕೊಂಡಿ. ಕೊಂಡಿ ಕೂರಲು ಮ್ಯಾಗಜೀನಿನಲ್ಲೊಂದು ಕಚ್ಚು. ಹಳೆಯ ಮಾಡೆಲುಗಳಲ್ಲಿ ಕೊಂಡಿ ಹಿಡಿಯ ತಳದಲ್ಲಿರುತ್ತದೆ. ಹೊಸ ಮಾಡೆಲುಗಳಲ್ಲಿ ಟ್ರಿಗರಿನ ಹಿಂದೆ, ಹೆಬ್ಬೆರಳಿಗೆ ಸಿಗುವ ಗುಂಡಿಯೊಂದಿಗೆ. ಗುಂಡಿ ಒತ್ತಿದರೆ ಕೊಂಡಿ ಬಿಟ್ಟು ಮ್ಯಾಗಜೀನು ಕೆಳಗೆ ಜಾರುತ್ತದೆ. ಪಿಸ್ತೂಲು ಮಾಡಿದವರ ಮ್ಯಾಗಜೀನು ದುಬಾರಿ. ಅದಕ್ಕೇ ಯಾರು ಯಾರೋ ಮಾಡಿದ ಅಗ್ಗದ ಮ್ಯಾಗಜೀನುಗಳನ್ನು ನಮ್ಮ ಮಾಲೀಕರು ಡ್ರಮ್ಮುಗಟ್ಟಲೆ ತಂದು ಸುರಿದುಕೊಂಡಿದ್ದರು. ಯಾವುದು ಯಾವ ಕೊಂಡಿಗೆ ಹೊಂದುತ್ತದೆಂದು ಅಂಗಡಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸ್ಟೀಲ್ ಡಬ್ಬಿಗಳ ರಾಶಿಯಲ್ಲಿ ಯಾವ ಮುಚ್ಚಳ ಯಾವ ಡಬ್ಬಿಗೆ ಎಂದು ಕಣ್ಣು ಮುಚ್ಚಿ ಹೇಳುವ ಹೆಂಗಸಿಗೆ ಇದೇನು ಮಹಾ? ಮುದುಕ ಮಾಲೀಕರ ಎದುರೇ ಒಂದು ಡ್ರಮ್ಮು ಬಗ್ಗಿಸಿ ಬೇರೆ ಬೇರೆ ಮಾಡಿ ತೋರಿಸಿದೆ. ಕೆಲಸ ಸಿಕ್ಕಿತು.

ಮುದುಕರಿಗೆ ನಾನು ಬೇಕು. ಅಂಗಡಿಯ ಮ್ಯಾನೇಜರಾಗಿದ್ದ ಅವರ ಅಳಿಯನಿಗೆ ಬೇಡ. "ಒಂದು ಗುಂಡು ಹಾರಿಸಿ ಗೊತ್ತಿಲ್ಲ. ಸೀರೆ ಉಟ್ಟುಕೊಂಡು ಕೌಂಟರಿನಲ್ಲಿ ನಿಂತರೆ ಗಿರಾಕಿಗಳು ಕಾರ್ಪೆಟ್ ಅಂಗಡಿ ಅಂದುಕೊಂಡು ವಾಪಸು ಹೋಗುತ್ತಾರೆ" ಎಂದು ಮಾವನ ಕಿವಿ ಕಚ್ಚುತ್ತಿದ್ದ. ನನ್ನನ್ನು ಓಡಿಸಲು ಅವನು ಒಂದು ಕಾರಣಕ್ಕಾಗಿ ಕಾಯುತ್ತಿದ್ದ. ನನಗೆ ಆ ಕೆಲಸ ಬಿಡುವ ಮನಸ್ಸು ಒಂದಿಷ್ಟೂ ಇರಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ನನ್ನನ್ನು ಯಾರಾದರೂ "ನೀನೇನು ಹೇಳುತ್ತೀ?" ಎಂದು ಕೇಳಿದ್ದು ಅಲ್ಲಿ ಮಾತ್ರ.

ಕಿವಿಯ ಪರೀಕ್ಷೆ

ಮೊದಲ ವಾರ ಒಬ್ಬ ಗಿರಾಕಿ ತನ್ನ ಪಿಸ್ತೂಲನ್ನೂ ನಮ್ಮಲ್ಲೇ ಕೊಂಡ ಮ್ಯಾಗಜೀನನ್ನೂ ತಂದ. "ಕೂರುವುದೇನೋ ಕೂರುತ್ತದೆ, ಆದರೆ ಯಾಕೋ ಅನುಮಾನ" ಎಂದ. ಅಳಿಯ ಪಿಸ್ತೂಲು ಖಾಲಿಯಿದೆಯೆಂದು ನೋಡಿಕೊಂಡು, ಖಾಲಿ ಮ್ಯಾಗಜೀನು ತೂರಿಸಿ, ಟಕ್ ಎನ್ನಿಸಿ, "ಏನೂ ತೊಂದರೆಯಿಲ್ಲ, ಪ್ಯಾಕ್ ಮಾಡು" ಎಂದು ನನ್ನ ಕೈಗೆ ಕೊಟ್ಟ.

ನನಗೂ ಅನುಮಾನ ಬಂತು. ತೆಂಗಿನಕಾಯಿಯ ಮೇಲೆ ಅನುಮಾನ ಬಂದರೆ ನಮ್ಮ ಕಡೆ ಏನು ಮಾಡುತ್ತೇವೆ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ನಾನು ಪಿಸ್ತೂಲನ್ನೂ ಹಾಗೇ ಕಿವಿಗೆ ಹಿಡಿದು ಅಲ್ಲಾಡಿಸಿದೆ.

ಗಿರಾಕಿ ಸರಕ್ಕನೆ ಕೌಂಟರಿನ ಕೆಳಗೆ ಕೂತ. ಅಳಿಯ ಎರಡೂ ಕೈ ಮೇಲೆತ್ತಿ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದನೋ ಅಂಥ ಮೃದುವಾದ ದನಿಯಲ್ಲಿ, "ನಿಧಾನ... ನಿಧಾನ... ಅದನ್ನು ಕೆಳಗಿಡು. ಮನೆಯಲ್ಲಿ ಏನಾದರೂ ಕಷ್ಟವಿದ್ದರೆ ಕೂತು ಮಾತಾಡೋಣ" ಎಂದ.

"ಸ್ವಲ್ಪ ಸುಮ್ಮನಿರಿ, ಕೇಳಿಸುವುದಿಲ್ಲ" ಎಂದೆ.

ಒಳಗೆ ಲೊಡಲೊಡ ಸದ್ದು. ಕಚ್ಚನ್ನು ಕೂದಲೆಳೆಯಷ್ಟು ಮೇಲಕ್ಕೆ ಕೊರೆದಿದ್ದಾರೆ. ಕೊಂಡಿ ತುದಿಯಲ್ಲಿ ಮಾತ್ರ ಸಿಕ್ಕಿಕೊಂಡಿದೆ. "ಇದು ಬೀಳುತ್ತದೆ" ಎನ್ನುವಷ್ಟರಲ್ಲಿ ಮ್ಯಾಗಜೀನು ಜಾರಿ ಅಳಿಯನ ಬೂಟಿನ ಮೇಲೆ ಬಿತ್ತು.

ಪಿಸ್ತೂಲು ಖಾಲಿಯಿರಲಿ ತುಂಬಿರಲಿ, ತಲೆಯ ಕಡೆ ತಿರುಗಿಸಬಾರದೆಂಬ ನಿಯಮ ನನಗೆ ತಿಳಿದದ್ದು ಆ ದಿನವೇ. ತಪ್ಪಿಲ್ಲ, ಅದು ನ್ಯಾಯವಾದ ನಿಯಮ. ಮುದುಕರು ಒಂದು ದಾರಿ ಹುಡುಕಿದರು. ಇನ್ನು ಮೇಲೆ ಗಿರಾಕಿಯೇ ಪಿಸ್ತೂಲನ್ನು ಗೋಡೆಯ ಕಡೆ ಹಿಡಿದು ಅಲ್ಲಾಡಿಸುವುದು, ನಾನು ಹಿಂದಿನಿಂದ ಬಗ್ಗಿ ಕಿವಿ ಕೊಡುವುದು. ಹಾಗೆ ಕಿವಿ ಕೊಟ್ಟು "ಇದು ಸರಿ, ಇದು ಸರಿಯಿಲ್ಲ" ಎಂದು ಹೇಳುತ್ತಿದ್ದಾಗ ಒಬ್ಬ ವಯಸ್ಸಾದ ಗಿರಾಕಿ ಬಹಳ ಹೊತ್ತು ನನ್ನನ್ನೇ ನೋಡುತ್ತ ನಿಂತಿದ್ದ. ತನ್ನ ಸರದಿ ಬಂದಾಗ ಕುರ್ಚಿ ಎಳೆದುಕೊಂಡು ಕೂತು ಪ್ಯಾಂಟು ಮಡಚಿ, "ಹಾಗೇ ಈ ಮೊಣಕಾಲನ್ನೂ ಒಮ್ಮೆ ಕೇಳಿಬಿಡು ತಾಯಿ, ಇದೂ ಲೊಡಲೊಡ ಅನ್ನುತ್ತದೆ" ಎಂದ.

ಎಡಗೈ ಗಿರಾಕಿ

ಗುಂಡಿಯನ್ನು ಬಿಚ್ಚಿ ಆಚೆ ಮಗ್ಗುಲಿಗೆ ಹಾಕಿಕೊಳ್ಳಬಹುದಾದ ಪಿಸ್ತೂಲುಗಳು ಆಗ ಬಂದಿದ್ದವು, ಎಡಚರಿಗೆ ಅನುಕೂಲವಾಗಲಿ ಎಂದು. ಗುಂಡಿ ಆಚೆ ಹೋದರೆ ಕೊಂಡಿಯೂ ಆಚೆಯಿಂದ ಹಿಡಿಯುತ್ತದೆ. ಆಗ ಮ್ಯಾಗಜೀನಿಗೆ ಎರಡೂ ಮಗ್ಗುಲಲ್ಲಿ ಕಚ್ಚಿರಬೇಕು. ಅಗ್ಗದ್ದಕ್ಕೆ ಒಂದೇ ಮಗ್ಗುಲು.

ಬರ್ಕ್ಲಿ ಕಡೆಯ ಒಬ್ಬ ಆಜಾನುಬಾಹು ಬಂದ. ಪಿಸ್ತೂಲನ್ನು ಎಡಗೈಯಲ್ಲಿ ನೀಡಿದ. ನನ್ನ ಕೈ ಮುಂದೆ ಹೋಗಲೇ ಇಲ್ಲ. ಎಡಗೈಯಲ್ಲಿ ಕೊಟ್ಟದ್ದನ್ನು ತೆಗೆದುಕೊಂಡಾಗಲೆಲ್ಲ ಅಜ್ಜಿ ಸೌಟಿನಲ್ಲಿ ಕೊಟ್ಟ ಏಟು ನನ್ನ ಮಣಿಗಂಟಿಗೆ ಇನ್ನೂ ನೆನಪಿದೆ. ಅವನು ನೀಡಿಕೊಂಡೇ ನಿಂತ, ನಾನು ನೋಡಿಕೊಂಡೇ ನಿಂತೆ.

"ಆ ಕೈಯಲ್ಲಿ ಕೊಡಿ" ಎಂದೆ ಕೊನೆಗೆ.

"ಯಾಕೆ?"

ಅಜ್ಜಿಯನ್ನೂ ಸೌಟನ್ನೂ ಇಂಗ್ಲಿಷಿನಲ್ಲಿ ವಿವರಿಸುವುದು ಬಹಳ ಉದ್ದದ ಕೆಲಸ. "ಸೇಫ್ಟಿ" ಎಂದೆ.

ಆ ದೇಶದಲ್ಲಿ ಅದೊಂದು ಮಾತು ಹೇಳಿದರೆ ಜನ ತಲೆ ಕೆಳಗಾಗಿ ಬೇಕಾದರೂ ನಿಲ್ಲುತ್ತಾರೆ. ಅವನು ಕ್ಷಮೆ ಕೇಳಿ, ಬಲಗೈಗೆ ಬದಲಾಯಿಸಿ ಕೊಟ್ಟ. ನಾನು ಎರಡು ಕಚ್ಚಿನ ಮ್ಯಾಗಜೀನು ಹುಡುಕಿ ಕೊಟ್ಟೆ, ಗಟ್ಟಿಯಾಗಿ ಕೂತಿತು. ಅವನು ಹೋಗಿ ತನ್ನ ಕ್ಲಬ್ಬಿನವರಿಗೆಲ್ಲ ಹೇಳಿದ. ಕ್ಲಬ್ಬಿನವರು ತಮ್ಮ ಗೆಳೆಯರಿಗೆ ಹೇಳಿದರು. ಸ್ವಲ್ಪ ದಿನದಲ್ಲಿ ಅಂಗಡಿಗೆ ಬರುವವರೆಲ್ಲ ಸತ್ಯನಾರಾಯಣನ ಪ್ರಸಾದ ಕೊಡುವವರ ಹಾಗೆ ಬಲಗೈಯಲ್ಲೇ ಪಿಸ್ತೂಲು ನೀಡತೊಡಗಿದರು.

ಒಂದು ದಿನ ಅಳಿಯ ಎಲ್ಲಿಂದಲೋ ಬಂದವನೇ 'ಪಿಸ್ತೂಲನ್ನು ಬಲಗೈಯಲ್ಲೇ ಕೊಡತಕ್ಕದ್ದು' ಎಂದು ಕೆಂಪಕ್ಷರದ ಬೋರ್ಡು ಬರೆಸಿ ಗೋಡೆಗೆ ತೂಗುಹಾಕಿದ. ಈಗ ಎಲ್ಲ ಕಡೆ ಹೀಗೇ ಮಾಡುತ್ತಾರೆ, ನೀನೂ ಕಲಿತುಕೋ ಎಂದು ನನ್ನನ್ನು ಕರೆದು ನಿಲ್ಲಿಸಿ, ಅದರ ಹಿಂದಿನ ವೈಜ್ಞಾನಿಕ ಕಾರಣವನ್ನೂ ವಿವರಿಸಿದ.

ಕಾಕಾ ಅವರ ಗ್ಯಾರೇಜು

ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ನನ್ನ ಗಂಡ ಕನ್ನಡದವರ ಮುಂದೆ ಬಾಯಿ ಬಿಡುತ್ತಿರಲಿಲ್ಲ. "ಪ್ರಿಸಿಷನ್ ಪಾರ್ಟ್ಸು" ಎನ್ನುತ್ತಿದ್ದರು. ಕೇಳಿದವರು "ಓ, ಒಳ್ಳೇ ಫೀಲ್ಡು" ಎನ್ನುತ್ತಿದ್ದರು.

ಲಾಸ್ ಆಲ್ಟೋಸಿನಲ್ಲಿ ಧಾರವಾಡ ಕಡೆಯ ಹಿರಿಯರೊಬ್ಬರ ಮನೆಯಲ್ಲಿ ಪೂಜೆ. ಎಲ್ಲರೂ ಅವರನ್ನು ಕಾಕಾ ಎನ್ನುವುದು. ಯಾರ ಮನೆಯಲ್ಲಿ ಏನೇ ಕಾರ್ಯಕ್ರಮವಿರಲಿ, ಊಟಕ್ಕೆ ಮುಂಚೆ ಅಹಿಂಸೆಯ ಮೇಲೆ ನಾಲ್ಕು ಮಾತಾಡುವವರು ಅವರೇ. ಆ ದಿನವೂ ಆಡಿದರು. ಇರುವೆಯನ್ನೂ ನೋಯಿಸಬಾರದು ಎಂದರು. ಹಸಿದ ನಾವು ಒಪ್ಪಿಕೊಂಡೆವು. ಊಟದ ನಡುವೆ ಅಕ್ಕಿ ಚೀಲ ತೋರಿಸುವ ನೆಪದಲ್ಲಿ ನನ್ನನ್ನು ಗ್ಯಾರೇಜಿಗೆ ಕರೆದರು.

"ತಂಗಿ, ನೀ ಎಲ್ಲಿ ಕೆಲಸ ಮಾಡ್ತಿ ಅಂತ ನನಗ ಗೊತ್ತದ. ಹೆದರಬ್ಯಾಡ, ನಾ ಯಾರ ಮುಂದೂ ಹೇಳಂಗಿಲ್ಲ. ನೀನೂ ಹೇಳಬ್ಯಾಡ" ಎನ್ನುತ್ತ ಅಕ್ಕಿ ಚೀಲದ ಹಿಂದಿನಿಂದ ಒಂದು ಡಬ್ಬ ತೆಗೆದರು. ಒಳಗೆ ಹೊಚ್ಚ ಹೊಸ ಪಿಸ್ತೂಲು. ಅದರ ಮಗ್ಗುಲಲ್ಲಿ ಹಪ್ಪಳದಂಥ ಅಗಲವಾದ ಗುಂಡಿ.

"ಮ್ಯಾಗಜೀನು ಬೀಳ್ತದ ನೋಡು. ಬ್ಯಾರೆ ಬ್ಯಾರೆ ಕಂಪನಿದು ತಂದೆ. ಎಲ್ಲಾ ಬೀಳ್ತಾವ."

ಖಾಲಿ ಮ್ಯಾಗಜೀನು ತೂರಿಸಿ ಅಲ್ಲಾಡಿಸಿದೆ. ಬೀಳಲಿಲ್ಲ. ಮತ್ತೊಂದು ಹಾಕಿದೆ. ಅದೂ ಬೀಳಲಿಲ್ಲ. "ಎಲ್ಲಿ ಬೀಳ್ತದೆ ಕಾಕಾ?"

ಅವರು ನಾಚಿಕೊಂಡರು. "ಎಲ್ಲೂ ಒಯ್ಯಂಗಿಲ್ಲವಾ. ಮನಿಯೊಳಗ ಸೊಂಟಕ್ಕ ಸಿಗಿಸ್ಕೊಂಡು ಕನ್ನಡಿ ಮುಂದ ನಿಲ್ತೀನಿ, ಅಷ್ಟ."

"ಹೇಗೆ ಸಿಕ್ಕಿಸ್ತೀರಿ, ತೋರ್ಸಿ."

ಖಾಲಿ ಪಿಸ್ತೂಲನ್ನು ಮಡಿಪಂಚೆಯ ಸೊಂಟಕ್ಕೆ ಸಿಕ್ಕಿಸಿ ಕಾಕಾ ಎದೆ ಸೆಟೆದು ನಿಂತರು. ಅಷ್ಟು ಹೊತ್ತು ಒಳಗೆಳೆದುಕೊಂಡಿದ್ದ ಹೊಟ್ಟೆಯನ್ನು ಬಿಟ್ಟರು. ಹೊಟ್ಟೆ ಬಂದು ಗುಂಡಿಯ ಮೇಲೆ ಕೂತಿತು. ಮ್ಯಾಗಜೀನು ಪಂಚೆಯೊಳಗೆ ಜಾರಿ ಪಾದದ ಮೇಲೆ ಬಿತ್ತು.

"ಮ್ಯಾಗಜೀನು ಸರಿ ಉಂಟು ಕಾಕಾ, ಕೊಂಡಿಯೂ ಸರಿ ಉಂಟು. ನೀವು ಹಾಕಿಸಿದ ಈ ದೊಡ್ಡ ಗುಂಡಿಯನ್ನು ನಿಮ್ಮ ಹೊಟ್ಟೆ ಒತ್ತುತ್ತಾ ಉಂಟು. ಒಂದಾ ಗುಂಡಿ ಸಣ್ಣದು ಮಾಡ್ಬೇಕು, ಇಲ್ದಿದ್ರೆ ಹೊಟ್ಟೆ."

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿಯ ದನಿ: "ಏನ್ರೀ, ಹೋಳಿಗಿ ಬಿಸಿ ಅವ, ಇನ್ನೆರಡು ಹಾಕ್ಲ್ಯಾ?"

ಕಾಕಾ ಪಿಸ್ತೂಲು ನೋಡಿದರು, ಹೊಟ್ಟೆ ನೋಡಿದರು, ಬಾಗಿಲ ಕಡೆ ನೋಡಿದರು. "ಗುಂಡೀನ ಸಣ್ಣದು ಮಾಡ್ಸು ತಂಗಿ" ಎಂದು ಒಳಗೆ ನಡೆದರು.

ಅತ್ತೆಯ ಉಪಕಾರ

ಬ್ಯಾಂಕುಗಳಿಗೆ ಕಾವಲುಗಾರರನ್ನು ಒದಗಿಸುವ ಒಂದು ಕಂಪನಿ ಹಳೆಯ ರಿವಾಲ್ವರುಗಳನ್ನು ಬಿಟ್ಟು ಹೊಸ ಪಿಸ್ತೂಲು ತರಿಸಿತ್ತು. ಅವಕ್ಕೆ ಹೆಚ್ಚಿನ ಮ್ಯಾಗಜೀನು ಬೇಕು. ಅಷ್ಟು ದೊಡ್ಡ ಗಿರಾಕಿ ನಮ್ಮ ಅಂಗಡಿಗೆ ಹಿಂದೆಂದೂ ಬಂದಿರಲಿಲ್ಲ. ಅಳಿಯ ಕಾಯುತ್ತಿದ್ದ ಕಾರಣ ಅವನಿಗೆ ಸಿಕ್ಕಿತು. ಮಾವನನ್ನು ಕೂರಿಸಿ ಮಾತು ತೆಗೆದುಕೊಂಡ: "ಇವಳೇ ಆರಿಸಿಕೊಡಲಿ. ಅಲ್ಲಿ ಒಂದೇ ಒಂದು ಮ್ಯಾಗಜೀನು ಬಿದ್ದರೂ ಇವಳು ಮನೆಗೆ." ಮುದುಕರು ನನ್ನ ಮುಖ ನೋಡಿದರು. ನಾನು "ಆಗಲಿ" ಎಂದೆ.

ಮ್ಯಾಗಜೀನುಗಳನ್ನು ಮನೆಗೇ ತಂದೆ. ಪರೀಕ್ಷೆಗೆಂದು ಅಂಗಡಿಯಲ್ಲಿ ಕೆಟ್ಟ ಪಿಸ್ತೂಲೊಂದರ ಹಿಡಿಯನ್ನು ಮಾತ್ರ ಕೊಂಡಿ ಸಮೇತ ಕತ್ತರಿಸಿ ಇಟ್ಟಿದ್ದೆವು, ಅದನ್ನೂ ತಂದೆ. ಡೈನಿಂಗ್ ಟೇಬಲ್ಲಿನ ಮೇಲೆ ಒಂದೊಂದನ್ನೇ ತೂರಿಸಿ, ಅಲ್ಲಾಡಿಸಿ, ಒಳ್ಳೆಯದನ್ನು ಸ್ಟೀಲ್ ಡಬ್ಬಿಗೂ ಬೀಳುವಂಥದ್ದನ್ನು ಪ್ಲಾಸ್ಟಿಕ್ ಬುಟ್ಟಿಗೂ ಹಾಕಿದೆ. ಮುಗಿಸಿ ಗ್ರೋಸರಿಗೆ ಹೋಗಿ ಬಂದೆ.

ಬಂದು ನೋಡಿದರೆ ಡಬ್ಬಿಯೂ ಇಲ್ಲ, ಬುಟ್ಟಿಯೂ ಇಲ್ಲ. ಎಲ್ಲ ಮ್ಯಾಗಜೀನುಗಳೂ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಮಿರಮಿರ ಮಿಂಚುತ್ತ ಸಾಲಾಗಿ ಕೂತಿವೆ. ಪಕ್ಕದಲ್ಲಿ ಅತ್ತೆ, ಕೈಯಲ್ಲಿ ಹಳೆಯ ಸೀರೆಯ ತುಂಡು. ಮಗನ ಸಂಸಾರ ನೋಡಲು ಆ ಬೇಸಿಗೆಯಲ್ಲಿ ಉಡುಪಿಯಿಂದ ಬಂದಿದ್ದರು, ಸುಮ್ಮನೆ ಕೂತು ಅಭ್ಯಾಸವಿಲ್ಲ.

"ಇದನ್ನೆಲ್ಲ ಹೀಗೆ ಒಣಗಿಸಿ ಇಡುದಾ ಮಾರಾಯ್ತಿ? ತುಕ್ಕು ಹಿಡಿಯುದಿಲ್ವಾ? 'ಬೇಡ ಅಜ್ಜಿ' ಅಂತ ಮಗು ಇಂಗ್ಲೀಷಲ್ಲಿ ಎಂತೆಂತದೋ ಹೇಳಿತು, ನಾನು ಕೇಳ್ಲಿಲ್ಲ. ಎಲ್ಲದಕ್ಕೂ ಎಣ್ಣೆ ಹಾಕಿ ಉಜ್ಜಿದ್ದೇನೆ."

"ಬೇರೆ ಬೇರೆ ಇಟ್ಟಿದ್ದೆನಲ್ಲ ಅತ್ತೆ!"

"ಎಂತಕ್ಕೆ ಬೇರೆ ಬೇರೆ? ಎಲ್ಲ ಒಂದೇ ಥರ ಉಂಟಲ್ಲ."

ಅಳು ಬಂತು. ಅತ್ತೆಯ ಮುಂದೆ ಅಳುವ ಹಾಗಿಲ್ಲ, ಬಯ್ಯುವ ಹಾಗೆ ಮೊದಲೇ ಇಲ್ಲ. ಪೆಟ್ಟಿಗೆಯನ್ನು ಒಯ್ದು ಅಪಾರ್ಟ್‌ಮೆಂಟಿನ ಕೆಳಗಿನ ತಣ್ಣನೆಯ ಗ್ಯಾರೇಜಿನಲ್ಲಿಟ್ಟೆ. ಬೆಳಿಗ್ಗೆ ಬೇಗ ಎದ್ದು ಮತ್ತೆ ಆರಿಸಲು ಕೂತೆ. ಒಂದು ಹಾಕಿ ಅಲ್ಲಾಡಿಸಿದೆ, ಬೀಳಲಿಲ್ಲ. ಇನ್ನೊಂದು, ಬೀಳಲಿಲ್ಲ. ಪೆಟ್ಟಿಗೆಯಲ್ಲಿದ್ದ ಎಲ್ಲವೂ ಗಟ್ಟಿ. ಅತ್ತೆಯ ಕೈಗುಣದಿಂದ ಕೆಟ್ಟವೂ ರಿಪೇರಿಯಾಗಿವೆ ಎಂದು ದೇವರಿಗೆ ಕೈ ಮುಗಿದೆ. ಹಚ್ಚಿದ್ದು ತೆಂಗಿನೆಣ್ಣೆ. ಆ ವಾಸನೆಯಲ್ಲೇ ಹುಟ್ಟಿ ಬೆಳೆದವಳಿಗೆ ಅದು ಮೂಗಿಗೆ ಬೀಳುವುದೇ ಇಲ್ಲ. ಬಚ್ಚಲಿನ ಶೆಲ್ಫಿನಲ್ಲಿ ದಿನಾ ಬೆಳಿಗ್ಗೆ ಕಲ್ಲಾಗಿರುವ ಎಣ್ಣೆ ಬಾಟಲಿಯನ್ನು ಬಿಸಿನೀರಿನಲ್ಲಿ ಅದ್ದುವವಳೂ ನಾನೇ. ಆದರೂ ಹೊಳೆಯಲಿಲ್ಲ. ಹೆದರಿ ಕೂತವಳಿಗೆ ಒಳ್ಳೆಯ ಸುದ್ದಿಯನ್ನು ಅನುಮಾನಿಸುವ ಪುರುಸೊತ್ತೆಲ್ಲಿ?

ಆ ದಿನವೇ ಕಂಪನಿಯವರಿಗೆ ಮ್ಯಾಗಜೀನು ಒಪ್ಪಿಸಬೇಕಾದದ್ದು ಸಮುದ್ರದ ಕಡೆಯ ಗುಡ್ಡದ ಮೇಲೆ, ಗುಂಡು ಹಾರಿಸುವ ರೇಂಜಿನಲ್ಲಿ. ಬೇಸಿಗೆಯಾದರೂ ಅಲ್ಲಿ ಬೆಳಿಗ್ಗೆ ಮಂಜು ಮುಸುಕಿತ್ತು, ಹಲ್ಲು ಕಡಿಯುವ ಚಳಿ. ಕಾವಲುಗಾರರು ಸಾಲಾಗಿ ನಿಂತು ಖಾಲಿ ಮ್ಯಾಗಜೀನು ತೂರಿಸಿ ಅಲ್ಲಾಡಿಸಿದರು, ಕುಣಿದರು, ಪಿಸ್ತೂಲನ್ನು ತೊಡೆಗೆ ಬಡಿದರು. ಒಂದೂ ಬೀಳಲಿಲ್ಲ. ಗುಂಡಿ ಒತ್ತಿದರೂ ಬೀಳಲಿಲ್ಲ, ಕೈಯಲ್ಲಿ ಎಳೆಯಬೇಕಾಯಿತು. "ಬಿಗಿ" ಎಂದ ಅವರ ಕ್ಯಾಪ್ಟನ್. "ಹೊಸದು" ಎಂದರು ನಮ್ಮ ಮುದುಕರು. ಕ್ಯಾಪ್ಟನ್ ಮುದುಕರ ಕೈ ಕುಲುಕಿದ. ಅಳಿಯನ ಮುಖ ಹುಳಿ ಮಜ್ಜಿಗೆ ಕುಡಿದವನಂತಾಯಿತು. ನಾನು ಮನಸ್ಸಿನಲ್ಲೇ ಅತ್ತೆಯ ಕಾಲಿಗೆ ಬಿದ್ದೆ.

ಆಮೇಲೆ ಎಲ್ಲರೂ ಪಿಸ್ತೂಲುಗಳನ್ನು ಸೊಂಟದ ಕಪ್ಪು ಚರ್ಮದ ಚೀಲದಲ್ಲಿಟ್ಟುಕೊಂಡು ಡೋನಟ್ ತಿನ್ನುತ್ತ ಹರಟಿದರು. ಮಂಜು ಸರಿದು ಬಿಸಿಲು ಚುರುಕಾಯಿತು. ಗುಂಡು ತುಂಬುವ ಮೊದಲು ಖಾಲಿ ಪಿಸ್ತೂಲಿನಲ್ಲೇ ಒಂದು ಸಲ ಕವಾಯತು ಮಾಡೋಣವೆಂದು ಕ್ಯಾಪ್ಟನ್ ಸಾಲು ನಿಲ್ಲಿಸಿ "ತೆಗಿ!" ಎಂದು ಕೂಗಿದ.

ಎಲ್ಲರೂ ಒಟ್ಟಿಗೆ ತೆಗೆದರು. ಮೊದಲನೆಯವನ ಮ್ಯಾಗಜೀನು ಟಪ್ ಎಂದು ನೆಲಕ್ಕೆ ಬಿತ್ತು. ಪಕ್ಕದವನು ನಕ್ಕ. ನಕ್ಕವನದ್ದೂ ಬಿತ್ತು. ಆ ತುದಿಯಲ್ಲಿ ಒಂದು, ಈ ತುದಿಯಲ್ಲಿ ಒಂದು, ನಡುವೆ ಇನ್ನೊಂದು. ಹೆಕ್ಕಲು ಬಗ್ಗಿದವನ ಕೈಯಿಂದ ಅದು ಜಾರಿ ಮತ್ತೆ ಬಿತ್ತು. ಇಸ್ತ್ರಿ ಮಾಡಿದ ಪ್ಯಾಂಟುಗಳ ಮೇಲೆ ಎಣ್ಣೆ ಧಾರೆಯಾಗಿ ಇಳಿಯಿತು. ಕ್ಯಾಪ್ಟನ್ನನ ನಾಯಿ ಓಡಿಬಂದು ಬಿದ್ದ ಮ್ಯಾಗಜೀನುಗಳನ್ನು ಒಂದೊಂದಾಗಿ ನೆಕ್ಕತೊಡಗಿತು. ಕ್ಯಾಪ್ಟನ್ ಗಾಳಿ ಮೂಸಿ, "ಇಲ್ಲಿ ಯಾರು ತೆಂಗಿನಕಾಯಿ ಕೇಕ್ ಮಾಡುತ್ತಿದ್ದಾರೆ?" ಎಂದ.

ಅಳಿಯ ನನ್ನ ಹತ್ತಿರ ಬಂದು, ಹಬ್ಬದ ದಿನದ ಮುಖದಲ್ಲಿ, "ಅಂಗಡಿಯಲ್ಲಿ ನಿನ್ನ ಸಾಮಾನೇನಾದರೂ ಇದ್ದರೆ ಇವತ್ತೇ ತಗೊಂಡು ಹೋಗು" ಎಂದ.

ಮತ್ತೆ ಆ ಕಿಟಕಿ, ಮತ್ತೆ ಆ ಪಾರ್ಕಿಂಗ್ ಲಾಟು. ಕಣ್ಣು ತುಂಬಿಕೊಂಡೇ ಸಾಲಿನ ಕಡೆ ನೋಡಿದೆ. ಆಗ ಕಂಡಿತು: ಎಲ್ಲರದ್ದೂ ಬಿದ್ದಿರಲಿಲ್ಲ! ಹೋಗಿ ಬಿದ್ದದ್ದನ್ನು ಎತ್ತಿ ನೋಡಿದೆ, ಕಚ್ಚು ಕೂದಲೆಳೆ ಮೇಲಿದೆ. ಇನ್ನೊಂದು, ಅದೂ ಹಾಗೇ. ಬೀಳದೆ ಉಳಿದವರ ಪಿಸ್ತೂಲು ಅಲ್ಲಾಡಿಸಲು ಹೇಳಿದೆ, ಅಲುಗಲಿಲ್ಲ. ಗುಂಡಿ ಒತ್ತಲು ಹೇಳಿದೆ, ಬೆಣ್ಣೆಯಂತೆ ಜಾರಿ ಬಂತು. ಚಳಿಯಲ್ಲಿ ಕಲ್ಲಾಗಿ ಒಳ್ಳೆಯದು ಕೆಟ್ಟದ್ದು ಎಲ್ಲವನ್ನೂ ಹಿಡಿದಿಟ್ಟ ಎಣ್ಣೆ, ಕರಗಿದ ಮೇಲೆ ನನಗಿಂತ ಚೆನ್ನಾಗಿ ಆರಿಸಿಕೊಟ್ಟಿತ್ತು.

ಸೆರಗು ಸರಿಮಾಡಿಕೊಂಡು, ಮೊದಲಿನಿಂದಲೂ ಹೀಗೇ ಅಂದುಕೊಂಡಿದ್ದವಳ ಹಾಗೆ ಕ್ಯಾಪ್ಟನ್ನನಿಗೆ ಹೇಳಿದೆ: "ಪರೀಕ್ಷೆ ಮುಗಿಯಿತು. ಬಿದ್ದದ್ದೆಲ್ಲ ಕೆಟ್ಟದ್ದು, ವಾಪಸು ಕೊಡಿ. ಉಳಿದದ್ದು ನಿಮ್ಮದು."

"ಇದು ಪರೀಕ್ಷೆಯಾ?"

"ಒಣ ಮ್ಯಾಗಜೀನು ಹೇಗೋ ಸಿಕ್ಕಿಕೊಂಡು ನಿಂತುಬಿಡುತ್ತದೆ. ಅದರ ಬಣ್ಣ ನಿಮಗೆ ಗೊತ್ತಾಗುವುದು ಬ್ಯಾಂಕಿನ ಬಾಗಿಲಲ್ಲಿ ಕಳ್ಳ ಬಂದಾಗ. ಈ ಎಣ್ಣೆ ಚಳಿಯಲ್ಲಿ ಹಿಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಇದರಲ್ಲಿ ಪಾಸಾದದ್ದು ಎಲ್ಲೂ ಬೀಳುವುದಿಲ್ಲ."

ಕ್ಯಾಪ್ಟನ್ ಉಳಿದವನ್ನೆಲ್ಲ ಸ್ವತಃ ಅಲ್ಲಾಡಿಸಿ, ಒತ್ತಿ ನೋಡಿದ. "ನನಗೆ ಕೊಡುವ ಪ್ರತಿಯೊಂದಕ್ಕೂ ಹೀಗೇ ಪರೀಕ್ಷೆಯಾಗಬೇಕು. ಈ ಹೆಂಗಸೇ ಮಾಡಬೇಕು" ಎಂದ.

ಮುದುಕರು ಅಳಿಯನ ಕಡೆ ತಿರುಗಿ, "ಕೇಳಿಸಿತಲ್ಲ? ಇವಳ ಮನೆಗೆ ಹೋಗಿ ಆ ಎಣ್ಣೆ ತಗೊಂಡು ಬಾ" ಎಂದರು.

ಅವನ ಕಾರು ಮುಂದೆ, ನನ್ನದು ಹಿಂದೆ. ನಾನು ಪಾರ್ಕ್ ಮಾಡಿ ಮೆಟ್ಟಿಲು ಹತ್ತುವಷ್ಟರಲ್ಲಿ ಅವನು ಬಾಗಿಲು ತಟ್ಟಿ, ಹಿರಿಯರ ಮುಂದೆ ಮರ್ಯಾದೆಗೆಂದು, ಅಂಗಡಿಯೊಳಗೂ ತೆಗೆಯದ ಟೋಪಿ ತೆಗೆದು, ಕೈಸನ್ನೆಯಲ್ಲಿ ಎಣ್ಣೆ ಕೇಳಿಯಾಗಿತ್ತು. ಟೋಪಿಯ ಕೆಳಗೆ ಒಂದು ಕೂದಲೂ ಇಲ್ಲವೆಂದು ನನಗೂ ಆ ದಿನವೇ ಗೊತ್ತಾದದ್ದು. ಅತ್ತೆ ಆ ತಲೆ ನೋಡಿದರು, ಎಣ್ಣೆ ಕೇಳುವ ಕೈ ನೋಡಿದರು. ಮತ್ತೇನು ಹೇಳಬೇಕು? ನಾನು ಒಳಗೆ ಬರುವಾಗ ಅವನು ಡೈನಿಂಗ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಕೊರಳಿಗೆ ಟವೆಲು. ಅತ್ತೆ ಬಾಟಲಿ ಬಗ್ಗಿಸಿ ಎರಡೂ ಅಂಗೈಯಲ್ಲಿ ಅವನ ನೆತ್ತಿಯನ್ನು ಪಟಪಟ ತಟ್ಟುತ್ತಿದ್ದರು. ಎಣ್ಣೆ ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಅವನು ಬೇಡವೆನ್ನುವ ಸ್ಥಿತಿ ದಾಟಿ ಬಹಳ ದೂರ ಹೋಗಿದ್ದ.

"ನಿನ್ನ ಮ್ಯಾನೇಜರು ಪಾಪ, ಒಳ್ಳೆ ಜನ" ಎಂದರು ಅತ್ತೆ. "ಆದ್ರೆ ಇಷ್ಟು ತಡ ಮಾಡಿ ಬಂದ್ರೆ ನಾನಾದ್ರೂ ಎಂತ ಮಾಡ್ಲಿಕ್ಕಾಗ್ತದೆ? ಸುಮ್ಮನೆ ಆಸೆ ಇಟ್ಕೊಳ್ಳುದು ಬೇಡ ಅಂತ ನೀನೇ ಸ್ವಲ್ಪ ಮೆಲ್ಲ ಹೇಳು."

ಅವನು ಕಣ್ಣು ತೆರೆಯದೆ ಕೇಳಿದ, "ಏನಂತಾರೆ?"

"ನನ್ನನ್ನು ಕೆಲಸದಿಂದ ತೆಗೆದರೆ ಕೂದಲು ಬೆಳೆಯುವುದಿಲ್ಲವಂತೆ" ಎಂದೆ.